ಕೆರೆ ಮೀನಿನ ಮಣ್ಣು ವಾಸನೆ ಬಿಡಿಸಿದ ಮೇಲೆ

ಯಲಹಂಕದ ಆಚೆ ಒಂದು ಕೆರೆಯಲ್ಲಿ ನಾನು ಮತ್ತು ಚಿಕ್ಕಪ್ಪನ ಇಬ್ಬರು ಮಕ್ಕಳು ಬಲೆ ಹಾಕುತ್ತೇವೆ. ಮೂವರಿಗೂ ಇನ್ನೂ ಮೂವತ್ತು ದಾಟಿಲ್ಲ. ಮೊದಲೆಲ್ಲ ಬೆಳಗ್ಗೆ ದಡಕ್ಕೆ ಬರುವ ವ್ಯಾಪಾರಿ ಕಾಟ್ಲಾ ಮೀನಿಗೆ ಕಿಲೋಗೆ 110 ರೂಪಾಯಿ ಕೊಟ್ಟು ಒಯ್ಯುತ್ತಿದ್ದ. ಪಕ್ಕದ ಅಪಾರ್ಟ್‌ಮೆಂಟ್‌ನವರು ಮಾತ್ರ ಬೇಡ ಅಂತಿದ್ದರು. ಕಾರಣ ಎರಡೇ. ಮಣ್ಣು ವಾಸನೆ, ಮತ್ತೆ ಮುಳ್ಳು.

ಎರಡನ್ನೂ ನಾವೇ ತೆಗೆದು ಕೊಟ್ಟರೆ ಹೇಗೆ ಅಂತ ಯೋಚಿಸಿದೆವು.

ಆ ವಾಸನೆ ಮಣ್ಣಿನದಲ್ಲ. ನೀರಿನಲ್ಲಿರುವ ಕೆಲವು ಬ್ಯಾಕ್ಟೀರಿಯಾ ಜಿಯೋಸ್ಮಿನ್ ಅನ್ನೋ ವಸ್ತು ಬಿಡುತ್ತವೆ. ಮೊದಲ ಮಳೆಗೆ ನೆಲದಿಂದ ಘಮ್ ಅಂತ ಏಳುತ್ತಲ್ವಾ, ಅದರಲ್ಲೂ ಇರೋದು ಇದೇ. ಮೀನಿನ ಕೊಬ್ಬಿನಲ್ಲಿ ಅದು ಸೇರಿಕೊಳ್ಳುತ್ತದೆ. ಅದಕ್ಕೇ ಹೊಟ್ಟೆಯೊಳಗಿನ ಕಪ್ಪು ಪೊರೆ ಉಜ್ಜಿ, ಚರ್ಮ ಸುಲಿದು, ಪಕ್ಕೆಯುದ್ದಕ್ಕೂ ಇರುವ ಕಂದು ಮಾಂಸ ಕತ್ತರಿಸಿ ತೆಗೆಯುತ್ತೇವೆ. ಆಮೇಲೆ ಇಪ್ಪತ್ತು ನಿಮಿಷ ಹುಣಸೆ ನೀರಲ್ಲಿ ಬಿಡುತ್ತೇವೆ. ಹುಳಿ ತಾಗಿದರೆ ಜಿಯೋಸ್ಮಿನ್ ಒಡೆಯುತ್ತದೆ. ಅಮ್ಮ ಮೊದಲಿಂದಲೂ ಹೀಗೇ ಮಾಡುತ್ತಿದ್ದರು, ಯಾಕೆ ಅಂತ ನನಗೆ ಗೊತ್ತಾಗಿದ್ದು ಈಗ. ಆದರೆ ಹುಣಸೆಯಿಂದ ಹೋಗೋದು ಈ ವಾಸನೆ ಮಾತ್ರ. ಕೊಳಚೆ ನುಗ್ಗಿ ಮೀನು ಮೇಲೆ ಬಂದು ಬಾಯಿ ಬಿಡುವ ದಿನ ನಾವು ಬಲೆಯನ್ನೇ ಮುಟ್ಟುವುದಿಲ್ಲ. ಅಂಥ ಮೀನನ್ನು ಯಾರ ಮನೆಗೂ ಕೊಡಬಾರದು.

ಮುಳ್ಳಿಗೆ ಮೆಷಿನ್ ಇದೆ, ನಮ್ಮ ಹತ್ತಿರ ದುಡ್ಡಿರಲಿಲ್ಲ. ಸ್ಟೀಲ್ ಚಮಚ ಹಿಡಿದೆವು. ಬಾಲದ ಕಡೆಯಿಂದ ತಲೆ ಕಡೆಗೆ ಮೆಲ್ಲಗೆ ಕೆರೆದರೆ ಮಾಂಸ ಚಮಚಕ್ಕೆ ಬರುತ್ತದೆ, ಕವಲೊಡೆದ ಸಣ್ಣ ಮುಳ್ಳು ಹಿಂದೆಯೇ ಉಳಿಯುತ್ತದೆ. ಕೊನೆಗೆ ಬೆರಳಲ್ಲಿ ಹಿಸುಕಿ ನೋಡಲೇಬೇಕು. ಹತ್ತು ಕಿಲೋ ಕಾಟ್ಲಾಗೆ ನಾಲ್ಕು ಕಿಲೋ ಕೀಮಾ ಸಿಗುತ್ತದೆ. ಕಿಲೋಗೆ 400 ರೂಪಾಯಿ. ಐಸು, ಪ್ಯಾಕಿಂಗ್ ಕಳೆದು, ತಲೆ ಮಾರಿದ್ದು ಸೇರಿಸಿದರೆ ಅದೇ ಹತ್ತು ಕಿಲೋಗೆ 450 ರೂಪಾಯಿ ಜಾಸ್ತಿ ಉಳಿಯುತ್ತಿದೆ.

ಮೀನಿನ ಉಪ್ಪಿನಕಾಯಿಯನ್ನೂ ಮಾಡಿ ನೋಡಿದೆವು, ಅದರಲ್ಲಿ ಮಾತ್ರ ಸೋತೆವು. ಮೊದಲ ಸಲ ತುಂಡುಗಳನ್ನು ಸರಿಯಾಗಿ ಹುರಿದಿರಲಿಲ್ಲ, ವಿನೆಗರ್ ಕೂಡ ಕಮ್ಮಿ. ಮೂರನೇ ವಾರ ಒಂದು ಬಾಟಲಿ ಮುಚ್ಚಳ ಉಬ್ಬಿತ್ತು. ನಲವತ್ತು ಬಾಟಲಿಯನ್ನೂ ಗುಂಡಿ ತೋಡಿ ಹೂತೆವು. ಅವತ್ತು ರಾತ್ರಿ ಯಾರೂ ಮಾತಾಡಲಿಲ್ಲ. ಆಮೇಲೆ ಹೆಬ್ಬಾಳದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರಕ್ಕೆ ಹೋಗಿ ಕೇಳಿ ಕಲಿತೆ. ಹುಳಿ ಸಾಕಷ್ಟಿರಬೇಕು, ಅದನ್ನು ಅಳೆಯೋ ಪಿಎಚ್ 4.5ಕ್ಕಿಂತ ಕೆಳಗೇ ಇರಬೇಕು; ಪಿಎಚ್ ಇಳಿದಷ್ಟೂ ಹುಳಿ ಜಾಸ್ತಿ. ಈಗ ಪ್ರತಿ ಸಲವೂ ಮೀಟರ್ ಹಾಕಿ ನೋಡಿಯೇ ಮುಚ್ಚಳ ಹಾಕುತ್ತೇವೆ.

ಐಸಿನಲ್ಲಿ ಜಿಪುಣತನ ಬೇಡ, ಕಿಲೋ ಮೀನಿಗೆ ಕಿಲೋ ಐಸು. ಆಹಾರ ಮಾರುವವರು ಮಾಡಿಸಬೇಕಾದ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಗೆ ನಾವು ಕಟ್ಟಿದ್ದು ವರ್ಷಕ್ಕೆ 100 ರೂಪಾಯಿ. ಐಸ್ ಬಾಕ್ಸ್ ಇರುವ ಬೈಕಿಗೆ ಕೇಂದ್ರ ಸರ್ಕಾರದ ಮತ್ಸ್ಯ ಸಂಪದ ಯೋಜನೆಯಲ್ಲಿ ಅಮ್ಮನ ಹೆಸರಲ್ಲಿ ಅರ್ಜಿ ಹಾಕಿದ್ದೇವೆ. ಹೆಂಗಸರಿಗೆ ಸಬ್ಸಿಡಿ 60 ಪರ್ಸೆಂಟ್, ನಮಗಾದರೆ 40.

ತಲೆಗಳನ್ನು ಮೊದಲು ಸುಮ್ನೆ ನಾಯಿಗಳಿಗೆ ಹಾಕುತ್ತಿದ್ದೆವು. ಅದೇ ಅಪಾರ್ಟ್‌ಮೆಂಟಿನಲ್ಲಿ ಬಂಗಾಳದ ಕಡೆಯವರು ನಾಲ್ಕು ಮನೆ ಇದ್ದಾರೆ. ಭಾನುವಾರದ ಕಾಟ್ಲಾ ತಲೆಗೆ ಈಗ ಶುಕ್ರವಾರವೇ ಹೇಳಿಟ್ಟಿರುತ್ತಾರೆ.