ಉಸಿರಿನಿಂದ ಆರಂಭಿಸಿ: ಸಿಂಥಸೈಸರಿನಲ್ಲಿ ಊದುವಾದ್ಯಗಳ ನಾದವನ್ನು ಕಟ್ಟುವ ಬಗೆ

ಸಿಂಥಸೈಸರಿನಲ್ಲಿ ಕೊಳಲಿನ ದನಿಯನ್ನು ತರಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಮೂಲ ತರಂಗವನ್ನು ಹುಟ್ಟಿಸುವ ಆಸಿಲೇಟರನ್ನು ತೆರೆದು, ಯಾವ ತರಂಗರೂಪ ಕೊಳಲಿಗೆ ಹತ್ತಿರವಾಗಿದೆ ಎಂದು ಹುಡುಕುತ್ತಾರೆ. ತಕ್ಕಮಟ್ಟಿಗೆ ಹತ್ತಿರದ ಬಣ್ಣವೂ ಸಿಗುತ್ತದೆ. ಆದರೆ ಎರಡು ಸ್ವರ ನುಡಿಸುವಷ್ಟರಲ್ಲಿ ಅದು ಯಂತ್ರದ ದನಿ ಎಂಬುದು ಬಯಲಾಗುತ್ತದೆ. ಕೀಬೋರ್ಡಿನ ಮನೆಯೊಂದನ್ನು ಒತ್ತಿದರೆ ಸ್ವರ ಹುಟ್ಟುತ್ತದೆ, ಬಿಟ್ಟರೆ ನಿಲ್ಲುತ್ತದೆ, ನಡುವೆ ನುಡಿಸುವವರು ಮಾಡಬೇಕಾದ ಕೆಲಸವೇನೂ ಇರುವುದಿಲ್ಲ. ಊದುವ ವಾದ್ಯದಲ್ಲಾದರೋ ಸ್ವರವನ್ನು ಕ್ಷಣಕ್ಷಣವೂ ಉಸಿರಿನಿಂದ ಬದುಕಿಸಿಕೊಂಡೇ ಹೋಗಬೇಕು. ಆದ್ದರಿಂದ ಮೊದಲು ಉಸಿರನ್ನು ಕಟ್ಟಿ, ನಾದದ ಬಣ್ಣವನ್ನು ಆಮೇಲೆ ಅದಕ್ಕೆ ಹೊಂದಿಸಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಉಸಿರು ಎಂದರೆ ಇಲ್ಲಿ ಒಂದೇ ಒಂದು ನಿಯಂತ್ರಕ ಸಂಕೇತ. ಎಲೆಕ್ಟ್ರಾನಿಕ್ ವಾದ್ಯಗಳು ಪರಸ್ಪರ ಸೂಚನೆ ಕಳಿಸಲು ಬಳಸುವ ಮಿಡಿ ವ್ಯವಸ್ಥೆಯಲ್ಲಿ ಇದಕ್ಕಾಗಿಯೇ 2ನೆಯ ಸಂಖ್ಯೆಯ ಕಂಟ್ರೋಲರನ್ನು ಮೀಸಲಿಟ್ಟಿದ್ದಾರೆ. ಬಾಯಲ್ಲಿಟ್ಟು ಊದುವ ಬ್ರೆತ್ ಕಂಟ್ರೋಲರ್ ನಿಮ್ಮಲ್ಲಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಮಾಡ್ಯುಲೇಶನ್ ವೀಲ್ ಅಥವಾ ಒಂದು ಫೇಡರ್ ಸಾಕು, ಆದರೆ ಎಡಗೈ ಅದರ ಮೇಲಿಂದ ಏಳಕೂಡದು. ಈ ಸಂಕೇತವನ್ನು ಏಕಕಾಲದಲ್ಲಿ ನಾಲ್ಕು ಕಡೆಗೆ ಹರಿಸಬೇಕು: ದನಿಯ ಗಟ್ಟಿತನಕ್ಕೆ, ಮೇಲಿನ ಆವರ್ತನಗಳನ್ನು ತಡೆಯುವ ಲೋಪಾಸ್ ಫಿಲ್ಟರಿನ ಕಟಾಫಿಗೆ (ತಡೆ ಆರಂಭವಾಗುವ ಆವರ್ತನಕ್ಕೆ), ಗಾಳಿಯ ಸದ್ದಿಗೆ ಮತ್ತು ಶ್ರುತಿಗೆ. ಉಸಿರು ಹೆಚ್ಚಿದಂತೆ ದನಿ ಏರುವುದಷ್ಟೇ ಅಲ್ಲ, ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟು ಆವರ್ತನದಲ್ಲಿ ಜೊತೆಗೇ ಮೊಳಗುವ ಮೇಲ್ಸ್ವರಗಳು ಅದಕ್ಕಿಂತ ಬೇಗ ಏರಿ ನಾದ ಹೊಳಪಾಗುತ್ತದೆ. ಹೀಗಾಗಿ ಗಟ್ಟಿತನಕ್ಕೆ ಕೊಡುವ ಪ್ರಮಾಣವನ್ನು ಮಿತವಾಗಿಟ್ಟು, ಕಟಾಫಿಗೆ ಧಾರಾಳವಾಗಿ ಕೊಡಿ. ಗಾಳಿಯ ಸದ್ದಿನ ಲೆಕ್ಕ ಬೇರೆ: ಮೆಲ್ಲಗೆ ಊದಿದಾಗ ನಾದಕ್ಕೆ ಹೋಲಿಸಿದರೆ ಗಾಳಿಯ ಪಾಲೇ ಹೆಚ್ಚು ಕೇಳಿಸುತ್ತದೆ, ಸ್ವರ ತುಂಬಿ ಬಂದಂತೆ ಅದು ಹಿಂದೆ ಸರಿಯುತ್ತದೆ. ಶ್ರುತಿಯ ವಿಷಯದಲ್ಲಿ ವಾದ್ಯಗಳ ನಡುವೆಯೇ ಭೇದವಿದೆ. ಬಲವಾಗಿ ಊದಿದರೆ ಕೊಳಲಿನ ಶ್ರುತಿ ಏರಲು ನೋಡುತ್ತದೆ, ಕ್ಲಾರಿನೆಟ್ಟಿನದು ಇಳಿಯಲು ನೋಡುತ್ತದೆ. ನುರಿತ ವಾದಕರು ಇದನ್ನು ತುಟಿಯಿಂದ ಸರಿದೂಗಿಸುತ್ತಾರಾದರೂ ಹತ್ತು ಸೆಂಟಿನಷ್ಟು (ಒಂದು ಸೆಂಟ್ ಎಂದರೆ ಅರ್ಧಸ್ವರದ ನೂರನೆಯ ಒಂದು ಪಾಲು) ಓಲಾಟವನ್ನು ಉಳಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಸಣ್ಣ ಎಚ್ಚರಿಕೆ: ಮಿಡಿ ಕಂಟ್ರೋಲರಿಗೆ 0ಯಿಂದ 127ರವರೆಗೆ ಒಟ್ಟು 128 ಮೆಟ್ಟಿಲುಗಳಷ್ಟೇ ಇರುವುದರಿಂದ, ಫಿಲ್ಟರನ್ನು ನೇರವಾಗಿ ಅದಕ್ಕೆ ಕಟ್ಟಿದರೆ ಮೆಟ್ಟಿಲುಗಳು ಕಿವಿಗೆ ಕೇಳಿಸುತ್ತವೆ. ನಡುವೆ 10ರಿಂದ 20 ಮಿಲಿಸೆಕೆಂಡಿನ ಲ್ಯಾಗ್ (ಬದಲಾವಣೆಯನ್ನು ನಿಧಾನಗೊಳಿಸುವ ಘಟಕ) ಹಾಕಿ ಅದನ್ನು ನುಣುಪಾಗಿಸಿ.

ಈಗ ತರಂಗರೂಪಕ್ಕೆ ಬರೋಣ. ಇದನ್ನು ಊಹೆಯಿಂದ ಆರಿಸಬೇಕಾಗಿಲ್ಲ, ಕೊಳವೆಯ ಆಕಾರವೇ ಅದನ್ನು ಹೇಳಿಕೊಡುತ್ತದೆ. ಕೊಳಲಿನೊಳಗಿನ ಗಾಳಿಯ ಕಂಬ ಎರಡೂ ತುದಿಗಳಲ್ಲಿ ತೆರೆದಂತೆ ವರ್ತಿಸುವುದರಿಂದ ಅದರಲ್ಲಿ ಸಮ ಮತ್ತು ಬೆಸ ಮೇಲ್ಸ್ವರಗಳೆರಡೂ ಇರುತ್ತವೆ, ಆದರೆ ಮೇಲೇರಿದಂತೆ ಬೇಗನೆ ಕ್ಷೀಣಿಸುತ್ತವೆ. ಕೊಳಲಿಗೆ ತ್ರಿಕೋನ ತರಂಗ ಸಾಕು ಎಂದು ಸಾಮಾನ್ಯವಾಗಿ ಹೇಳುವುದುಂಟು. ತ್ರಿಕೋನ ತರಂಗದಲ್ಲಿ ಬೆಸ ಮೇಲ್ಸ್ವರಗಳು ಮಾತ್ರ ಇರುವುದರಿಂದ ಈ ಸಲಹೆ ಅರ್ಧ ಮಾತ್ರ ಸರಿ. ಅದರ ಜೊತೆಗೆ ಒಂದು ಸ್ಥಾಯಿ ಮೇಲಿನ ಸೈನ್ ತರಂಗವನ್ನು ಹದವಾಗಿ ಬೆರೆಸಿದರೆ ದನಿಗೆ ಬಿದಿರಿನ ತುಂಬುತನ ಬರುತ್ತದೆ. ಕ್ಲಾರಿನೆಟ್ ಮತ್ತು ಅರ್ಮೇನಿಯಾದ ದುದುಕ್ ಬೇರೆ ಜಾತಿಯವು. ಇವು ರೀಡಿನ (ಊದಿದಾಗ ಕಂಪಿಸುವ ತೆಳು ಪಟ್ಟಿಯ) ಕಡೆ ಮುಚ್ಚಿದಂತೆ ವರ್ತಿಸುವ ನೇರ ಕೊಳವೆಗಳು. ಕೆಳಸ್ಥಾಯಿಯಲ್ಲಿ ಬೆಸ ಮೇಲ್ಸ್ವರಗಳೇ ಪ್ರಬಲವಾಗಿರುವುದರಿಂದ ಚೌಕ ತರಂಗ ಇವಕ್ಕೆ ಸಹಜವಾಗಿ ಒಪ್ಪುತ್ತದೆ. ಗಾಳಿಯ ಒತ್ತಡ ಹೆಚ್ಚಿಸಿದಾಗ ಕೊಳಲು ಒಂದು ಸ್ಥಾಯಿ ಮೇಲಕ್ಕೆ ಹಾರಿದರೆ, ಕ್ಲಾರಿನೆಟ್ ರಿಜಿಸ್ಟರ್ ಕೀಲಿ ಒತ್ತಿದಾಗ ಮೂಲ ಆವರ್ತನದ ಮೂರು ಪಟ್ಟಿಗೆ, ಅಂದರೆ ಮೇಲಿನ ಸ್ಥಾಯಿಯ ಪಂಚಮಕ್ಕೆ ಹಾರುವುದೂ ಇದೇ ಕಾರಣದಿಂದ. ನಾಗಸ್ವರ, ಶಹನಾಯಿ, ಓಬೋಗಳಲ್ಲಿ ರೀಡ್ ಇದ್ದರೂ ಕೊಳವೆ ಶಂಕುವಿನ ಆಕಾರದ್ದಾದ ಕಾರಣ ಎಲ್ಲ ಮೇಲ್ಸ್ವರಗಳೂ ತುಂಬಿಕೊಂಡಿರುತ್ತವೆ. ಇವಕ್ಕೆ ಗರಗಸದ ಹಲ್ಲಿನ ಆಕಾರದ ಸಾ (saw) ತರಂಗವನ್ನು ತೆಗೆದುಕೊಂಡು, ಈಕ್ವಲೈಸರಿನಲ್ಲಿ 1000 ಹರ್ಟ್ಜ್ ಸುತ್ತ ಒಂದು ಉಬ್ಬು, 3000 ಹರ್ಟ್ಜ್ ಸುತ್ತ ಇನ್ನೊಂದು ಉಬ್ಬು ಕೊಟ್ಟು, ಕಿವಿ ಒಪ್ಪುವವರೆಗೆ ಅವನ್ನು ಅತ್ತಿತ್ತ ಸರಿಸಿ ನೋಡಿ. ಸ್ವರ ಬದಲಾದರೂ ಈ ಉಬ್ಬುಗಳು ಕದಲಬಾರದು, ಏಕೆಂದರೆ ಅವು ಸ್ವರದ ಗುಣವಲ್ಲ, ವಾದ್ಯದ ಗುಣ.

ಗಾಳಿಯ ಸದ್ದನ್ನು ಬೆರೆಸುವಾಗ ಆಗುವ ತಪ್ಪು ಒಂದೇ: ನಾಯ್ಸ್ ಜನರೇಟರಿನ ಸದ್ದನ್ನು ಹಾಗೆಯೇ ಸೇರಿಸಿಬಿಡುವುದು. ಆಗ ನಾದವೊಂದು ಕಡೆ, ಮಳೆಯ ಸದ್ದಿನಂಥದ್ದು ಇನ್ನೊಂದು ಕಡೆ ಕೇಳಿಸುತ್ತದೆ. ನಿಜವಾದ ವಾದ್ಯದಲ್ಲಿ ಸುಳಿಗಾಳಿಯ ಸದ್ದೂ ಕೊಳವೆಯೊಳಗೆ ಅನುರಣಿಸಿಯೇ ಹೊರಬರುತ್ತದೆ. ಆದ್ದರಿಂದ ನಾಯ್ಸನ್ನು, ಒಂದು ಪಟ್ಟಿಯ ಆವರ್ತನಗಳನ್ನಷ್ಟೇ ಬಿಡುವ ಬ್ಯಾಂಡ್‌ಪಾಸ್ ಫಿಲ್ಟರಿನ ಮೂಲಕ ಹಾಯಿಸಿ, ಆ ಫಿಲ್ಟರ್ ನುಡಿಸುತ್ತಿರುವ ಸ್ವರವನ್ನೇ ಪೂರ್ತಿಯಾಗಿ ಹಿಂಬಾಲಿಸುವಂತೆ ಕೀ ಟ್ರ್ಯಾಕಿಂಗನ್ನು ನೂರು ಪ್ರತಿಶತಕ್ಕೆ ಇಡಿ. ಇದರ ಮೇಲೆ ಸ್ವರವನ್ನು ಹಿಂಬಾಲಿಸದ ತೆಳುವಾದ ಇನ್ನೊಂದು ಪದರವನ್ನು ಸೇರಿಸಿದರೆ ತುಟಿಯಂಚಿನ ಸೀಳುಗಾಳಿಯೂ ದೊರೆಯುತ್ತದೆ. ಜಪಾನಿನ ಬಿದಿರಿನ ಕೊಳಲಾದ ಶಾಕುಹಾಚಿಯಲ್ಲಿ ಗಾಳಿಯ ಸದ್ದೇ ಅಭಿವ್ಯಕ್ತಿಯ ಸಾಧನ. ಮುರಾಯಿಕಿ ಎಂಬ ಪ್ರಯೋಗದಲ್ಲಿ ಉಸಿರು ಸ್ಫೋಟಿಸಿದಂತೆ ಹೊರಡುತ್ತದೆ. ಅಲ್ಲಿ ಕೈಬಿಚ್ಚಿ ಬಳಸಿ, ಉಳಿದೆಡೆ ಸಂಯಮವಿರಲಿ.

ಸ್ವರದ ಹುಟ್ಟು ನಾನು ಅತಿ ಹೆಚ್ಚು ಸಮಯ ಕೊಡುವ ಭಾಗ, ಏಕೆಂದರೆ ಕಿವಿ ವಾದ್ಯವನ್ನು ಗುರುತಿಸುವುದರಲ್ಲಿ ಮೊದಲ ಹತ್ತನೆಯ ಒಂದು ಸೆಕೆಂಡಿನ ಪಾತ್ರ ಬಹಳ ದೊಡ್ಡದು. ಕೊಳಲಿನಲ್ಲಿ ಮೊದಲು ಗಾಳಿ ಬರುತ್ತದೆ, ಬಳಿಕ ಮೇಲ್ಸ್ವರಗಳು ಮಿಂಚಿ ಮರೆಯಾಗುತ್ತವೆ, ಕೊನೆಯಲ್ಲಿ ಮೂಲಸ್ವರ ನೆಲೆಗೊಳ್ಳುತ್ತದೆ. ಈ ಕ್ರಮವನ್ನು ಎನ್ವಲಪ್‌ಗಳಲ್ಲಿ (ಕಾಲಕ್ಕೆ ತಕ್ಕಂತೆ ಏರಿಳಿತವನ್ನು ನಿರ್ಧರಿಸುವ ರೇಖೆಗಳಲ್ಲಿ) ಹಾಗೆಯೇ ಬರೆಯಿರಿ: ನಾಯ್ಸಿನ ಅಟ್ಯಾಕ್ (ಏರಲು ಹಿಡಿಯುವ ಹೊತ್ತು) 5 ಮಿಲಿಸೆಕೆಂಡ್, ಮೂಲಸ್ವರದ ಅಟ್ಯಾಕ್ 40ರಿಂದ 60 ಮಿಲಿಸೆಕೆಂಡ್, ಶ್ರುತಿ 20 ಸೆಂಟಿನಷ್ಟು ಕೆಳಗಿನಿಂದ ಹೊರಟು ಅಷ್ಟೇ ಸಮಯದಲ್ಲಿ ತನ್ನ ಸ್ಥಾನಕ್ಕೆ ಸೇರಲಿ. ತರಂಗ ಕೊಳವೆಯಲ್ಲಿ ಹಲವು ಬಾರಿ ಹೋಗಿಬಂದ ಮೇಲಷ್ಟೇ ಸ್ವರ ನಿಲ್ಲುವುದರಿಂದ, ಕೆಳಗಿನ ಸ್ವರಗಳಿಗೆ ಹೆಚ್ಚು ಹೊತ್ತು, ಮೇಲಿನವಕ್ಕೆ ಕಡಿಮೆ ಹೊತ್ತು ಹಿಡಿಯುವಂತೆ ಅಟ್ಯಾಕನ್ನೂ ಕೀ ಟ್ರ್ಯಾಕಿಂಗಿಗೆ ಕಟ್ಟಿ. ಎರಡು ಸ್ವರಗಳನ್ನು ಒಂದೇ ಉಸಿರಿನಲ್ಲಿ ಜೋಡಿಸುವಾಗ ಈ ಹುಟ್ಟು ಮರುಕಳಿಸಬಾರದು. ಸಿಂಥಸೈಸರನ್ನು ಮೊನೊ (ಒಮ್ಮೆಗೆ ಒಂದೇ ಸ್ವರ) ಮತ್ತು ಲೆಗಾಟೊ (ಸ್ವರಗಳನ್ನು ಕಡಿಯದೆ ಜೋಡಿಸುವ) ಸ್ಥಿತಿಯಲ್ಲಿಟ್ಟರೆ ಅದು ತಾನಾಗಿ ತಪ್ಪುತ್ತದೆ.

ಕಂಪನಕ್ಕೆ ಎಲ್‌ಎಫ್‌ಒ (ನಿಧಾನವಾಗಿ ಓಲಾಡುವ ನಿಯಂತ್ರಕ ತರಂಗ) ಹಾಕಿ ಶ್ರುತಿಯನ್ನು ಅಲುಗಿಸುವುದು ಪಿಟೀಲಿಗೆ ಒಪ್ಪುವ ವಿಧಾನ. ಉಸಿರಿನಿಂದ ಬರುವ ಕೊಳಲಿನ ಕಂಪನದಲ್ಲಿ ದನಿಯ ಏರಿಳಿತವೂ ಹೊಳಪಿನ ಏರಿಳಿತವೂ ಮುಖ್ಯ, ಶ್ರುತಿಯದು ಅಲ್ಪ. ಹೀಗಾಗಿ ಎಲ್‌ಎಫ್‌ಒವನ್ನು ಮೊದಲೇ ಕಟ್ಟಿಟ್ಟ ಉಸಿರಿನ ಸಂಕೇತಕ್ಕೇ ಸೇರಿಸಿ. ವೇಗ ಸೆಕೆಂಡಿಗೆ 4ರಿಂದ 6 ಬಾರಿ ಇರಲಿ, ಸ್ವರ ನೆಲೆಗೊಂಡ ಮೇಲೆ ಮೆಲ್ಲಗೆ ಮೂಡಲಿ. ಆದರೆ ಗಮಕವನ್ನು ಎಲ್‌ಎಫ್‌ಒಗೆ ಒಪ್ಪಿಸಬೇಡಿ. ಗಮಕದಲ್ಲಿ ಪ್ರತಿ ಓಲಾಟದ ಅಳತೆಯೂ ಬೇರೆ, ವೇಗವೂ ಬೇರೆ. ಅದು ಕೈಯಿಂದಲೇ ಬರಬೇಕು. ಶ್ರುತಿಯನ್ನು ಜಾರಿಸುವ ಪಿಚ್ ಬೆಂಡ್ ಸಾಮಾನ್ಯವಾಗಿ ಮೇಲೆ ಎರಡು, ಕೆಳಗೆ ಎರಡು ಅರ್ಧಸ್ವರಗಳಿಗೆ ಸೀಮಿತವಾಗಿರುತ್ತದೆ. ಅದಕ್ಕೆ 16384 ಮೆಟ್ಟಿಲುಗಳಿರುವುದರಿಂದ ಹನ್ನೆರಡು ಅರ್ಧಸ್ವರಗಳವರೆಗೆ ವಿಸ್ತರಿಸಿದರೂ ಎಳೆ ಕಡಿಯುವುದಿಲ್ಲ. ಬಿದಿರಿನ ಕೊಳಲಿನಲ್ಲಿ ಜಾರುವಾಗ ರಂಧ್ರ ಅರ್ಧ ಮುಚ್ಚಿರುವ ಗಳಿಗೆಯಲ್ಲಿ ನಾದ ಕೊಂಚ ಮಂಕಾಗುತ್ತದೆ. ಜಾರಿನ ನಡುವೆ ಕಟಾಫನ್ನು ಸ್ವಲ್ಪ ಇಳಿಸಿ ಮತ್ತೆ ಏರಿಸಿದರೆ ಬೆರಳು ಕಣ್ಣಿಗೆ ಕಟ್ಟಿದಂತಾಗುತ್ತದೆ. ಹಿಂದೆ ತಂಬೂರಿಯ ಶ್ರುತಿ ಇದ್ದರೆ ಸ್ವರಸ್ಥಾನಗಳನ್ನೂ ತಿದ್ದಬೇಕು: ಕೀಬೋರ್ಡಿನ ಸಮಪಾಲಿನ ಅಂತರ ಗಾಂಧಾರ 400 ಸೆಂಟಿನಲ್ಲಿದ್ದರೆ, 5:4ರ ಅನುಪಾತದ ಅಂತರ ಗಾಂಧಾರ ಸುಮಾರು 386ರಲ್ಲಿರುತ್ತದೆ. ಉಚಿತವಾಗಿ ಸಿಗುವ ಸರ್ಜ್ ಎಕ್ಸ್‌ಟಿಯಂತಹ ಸಿಂಥಸೈಸರ್‌ಗಳು ಸ್ವರಸ್ಥಾನಗಳನ್ನು ಬರೆದಿಡುವ ಸ್ಕಾಲಾ ಕಡತಗಳನ್ನು ಓದುವುದರಿಂದ ಈ ತಿದ್ದುಪಡಿ ಕಷ್ಟವಲ್ಲ.

ನಿಜವಾದ ವಾದ್ಯದ ಧ್ವನಿಮುದ್ರಿತ ತುಣುಕುಗಳಾದ ಸ್ಯಾಂಪಲ್‌ಗಳನ್ನೇ ಬಳಸಬಾರದೇ ಎಂದರೆ, ಬಳಸಬಹುದು. ಅವುಗಳ ಬಣ್ಣ ನಿಜವಾದದ್ದು, ಉಸಿರು ಮಾತ್ರ ಧ್ವನಿಮುದ್ರಣದ ದಿನವೇ ಹೆಪ್ಪುಗಟ್ಟಿದ್ದು. 1987ರ ರೋಲಂಡ್ ಡಿ-50 ಸಿಂಥಸೈಸರ್ ತೋರಿಸಿದ ದಾರಿ ಇಂದಿಗೂ ಉಪಯುಕ್ತ: ಸ್ವರದ ಹುಟ್ಟಿಗೆ ಸ್ಯಾಂಪಲಿನ ತುಣುಕು, ಮುಂದುವರಿಕೆಗೆ ಸಿಂಥಸೈಸರ್.

ಇನ್ನೂ ಆಳಕ್ಕೆ ಇಳಿಯುವವರಿಗೆ ಫಿಸಿಕಲ್ ಮಾಡೆಲಿಂಗ್ ಇದೆ. ಇಲ್ಲಿ ನಾದವನ್ನು ಅನುಕರಿಸುವ ಬದಲು ವಾದ್ಯವನ್ನೇ ಲೆಕ್ಕದಲ್ಲಿ ಕಟ್ಟುತ್ತಾರೆ. ಸ್ಟ್ಯಾನ್‌ಫರ್ಡಿನ ಜೂಲಿಯಸ್ ಸ್ಮಿತ್ ರೂಪಿಸಿದ ಡಿಜಿಟಲ್ ವೇವ್‌ಗೈಡ್ (ಕೊಳವೆಯಲ್ಲಿ ತರಂಗ ಹೋಗಿಬರುವುದನ್ನು ಲೆಕ್ಕಹಾಕುವ) ವಿಧಾನವೇ ಇದರ ಬುನಾದಿ. 1994ರಲ್ಲಿ ಯಮಹಾದ ವಿಎಲ್1 ಸಿಂಥಸೈಸರ್ ಅದನ್ನು ವೇದಿಕೆಗೆ ತಂದಿತು. ಸಿಸೌಂಡ್ ತಂತ್ರಾಂಶದಲ್ಲಿ ಕೊಳಲಿಗೆ ಡಬ್ಲ್ಯುಜಿಫ್ಲೂಟ್, ಕ್ಲಾರಿನೆಟ್ಟಿಗೆ ಡಬ್ಲ್ಯುಜಿಕ್ಲಾರ್ ಎಂಬ ಸಿದ್ಧ ಘಟಕಗಳಿವೆ, ಅಲ್ಲಿಂದ ಆರಂಭಿಸಬಹುದು. ಕೊಳಲಿನ ಮಾದರಿಯಲ್ಲಿ ಉಸಿರಿನ ಒತ್ತಡಕ್ಕೆ ಕೊಂಚ ನಾಯ್ಸ್ ಬೆರೆಸಿ, ತುಟಿಯಿಂದ ಅಂಚಿಗೆ ಗಾಳಿ ತಲುಪುವ ಹೊತ್ತನ್ನು ಸೂಚಿಸುವ ಚಿಕ್ಕ ಡಿಲೇ (ಸಂಕೇತವನ್ನು ತಡಮಾಡುವ ಘಟಕ), ಸುಳಿಯ ವರ್ತನೆಗೆ ಒಂದು ವಕ್ರರೇಖೆ, ಕೊಳವೆಯ ಉದ್ದಕ್ಕೆ ದೊಡ್ಡ ಡಿಲೇ, ನಷ್ಟಕ್ಕೆ ಲೋಪಾಸ್ ಫಿಲ್ಟರ್, ಇವಿಷ್ಟನ್ನೂ ಸುತ್ತಾಗಿ ಜೋಡಿಸುತ್ತಾರೆ. ಚಿಕ್ಕ ಡಿಲೇ ದೊಡ್ಡದರ ಅರ್ಧದ ಆಸುಪಾಸಿನಲ್ಲಿದ್ದಾಗ ಮೂಲಸ್ವರ ನಿಲ್ಲುತ್ತದೆ; ಅದನ್ನು ಕಡಿಮೆ ಮಾಡುತ್ತ ಹೋದರೆ ಸ್ವರ ಮೇಲಿನ ಸ್ಥಾಯಿಗೆ ಹಾರುತ್ತದೆ, ತುಟಿ ಬಿಗಿಹಿಡಿದ ವಾದಕನ ಕೊಳಲು ಹಾರುವಂತೆಯೇ. ಡಿಲೇಯ ಉದ್ದವನ್ನು ಪೂರ್ಣಾಂಕಕ್ಕೆ ಇಳಿಸಿದರೆ ಶ್ರುತಿ ಕೆಡುತ್ತದೆ: ಸೆಕೆಂಡಿಗೆ 44100 ಸ್ಯಾಂಪಲ್‌ಗಳಿರುವಲ್ಲಿ (ಇಲ್ಲಿ ಸ್ಯಾಂಪಲ್ ಎಂದರೆ ಡಿಜಿಟಲ್ ಧ್ವನಿಯ ಒಂದು ಅಳತೆ) 1500 ಹರ್ಟ್ಜ್‌ನ ಒಂದು ಸುತ್ತಿಗೆ 29.4 ಸ್ಯಾಂಪಲ್‌ಗಳು ಬೇಕು. 29ಕ್ಕೆ ಇಳಿಸಿದರೆ ಸ್ವರ ಸುಮಾರು 24 ಸೆಂಟಿನಷ್ಟು ಏರಿಬಿಡುತ್ತದೆ. ಇಂಟರ್‌ಪೊಲೇಶನ್ (ಎರಡು ಸ್ಯಾಂಪಲ್‌ಗಳ ನಡುವಿನ ಮೌಲ್ಯವನ್ನು ಲೆಕ್ಕಹಾಕುವುದು) ಇರುವ ಡಿಲೇಯನ್ನೇ ಆರಿಸಿಕೊಳ್ಳಿ, ಲೂಪಿನೊಳಗಿನ ಫಿಲ್ಟರಿನ ವಿಳಂಬವನ್ನೂ ಅದರಿಂದ ಕಳೆಯಿರಿ.

ಕೋಣೆಯ ಮಾರ್ದನಿಯನ್ನು ಸೇರಿಸುವ ರಿವರ್ಬನ್ನು ಕೊನೆಯವರೆಗೂ ಮುಟ್ಟಬೇಡಿ, ಅದು ತಪ್ಪುಗಳನ್ನು ಮುಚ್ಚಿಡುತ್ತದೆ. ರಾಗದ ಸಾಲುಗಳನ್ನು ಬರೆಯುವಾಗ ಉಸಿರು ತೆಗೆದುಕೊಳ್ಳಲು ಜಾಗ ಬಿಡಿ. ಮೂಗಿನಿಂದ ಉಸಿರೆಳೆಯುತ್ತ ಕೆನ್ನೆಯ ಗಾಳಿಯಿಂದ ನಿರಂತರವಾಗಿ ಊದುವ ದುದುಕ್‌ನ ಆಧಾರಶ್ರುತಿಯಂತಹ ಸಂದರ್ಭಗಳಲ್ಲಿ ಮಾತ್ರ ಇದಕ್ಕೆ ವಿನಾಯಿತಿ. ಎಲ್ಲ ಮುಗಿದ ಮೇಲೆ ಕಂಪನವನ್ನೂ ರಿವರ್ಬನ್ನೂ ತೆಗೆದುಹಾಕಿ, ಕೆಳಸ್ಥಾಯಿಯ ಒಂದೇ ಸ್ವರವನ್ನು ಎಂಟು ಸೆಕೆಂಡ್ ಹಿಡಿದು, ನೀವೂ ಜೊತೆಗೆ ಊದುತ್ತಿರುವಂತೆ ನಿಯಂತ್ರಕವನ್ನು ಏರಿಸಿ ಇಳಿಸಿ. ಮೂರನೆಯ ಸೆಕೆಂಡಿಗೇ ಕಿವಿ ಬೇಸರಿಸಿದರೆ ತರಂಗರೂಪವನ್ನು ಬದಲಿಸಲು ಹೋಗದೆ, ಉಸಿರಿನಿಂದ ಕಟಾಫಿಗೂ ನಾಯ್ಸಿಗೂ ಹರಿಯುವ ಪ್ರಮಾಣಗಳನ್ನು ಮತ್ತೊಮ್ಮೆ ಹೊಂದಿಸಿ.