ಎಣ್ಣೆ ಕಡಿಮೆ, ಗರಿಗರಿ ಜಾಸ್ತಿ: ಓವನ್ನಿನಲ್ಲಿ ಬಟಾಟೆ ಫ್ರೈಸ್, ನಂಚಿಕೊಳ್ಳಲು ಅಪ್ಪೆಮಿಡಿ ಮೊಸರು

ಕುಮಟೆಯ ಮಳೆಗಾಲದಲ್ಲಿ ಸುಟ್ಟ ಹಪ್ಪಳ ಊಟ ಮುಗಿಯುವವರೆಗೆ ಕಾಯುವುದಿಲ್ಲ. ಸಾರನ್ನ ಕಲಸುವಷ್ಟರಲ್ಲೇ ಮೆತ್ತಗಾಗಿರುತ್ತದೆ. ಅಂಥ ಒಂದು ಜುಲೈನಲ್ಲಿ ನಾನು ಮೊದಲ ಸಲ ಓವನ್ನಿನಲ್ಲಿ ಫ್ರೆಂಚ್ ಫ್ರೈಸ್ ಮಾಡಲು ಹೊರಟೆ. ಒಂದು ಕಿಲೋ ಬಟಾಟೆ ಹೆಚ್ಚಿ, ಎಣ್ಣೆ ಸವರಿ, ತಟ್ಟೆ ತುಂಬ ರಾಶಿ ಹಾಕಿ ಒಳಗಿಟ್ಟೆ. ಅರ್ಧ ಗಂಟೆ ಬಿಟ್ಟು ತೆಗೆದಾಗ ಅತ್ತೆ ಇಣುಕಿ ನೋಡಿ, "ಪಲ್ಯಕ್ಕೆ ಒಗ್ಗರಣೆ ಹಾಕ್ಲಿಲ್ವಾ?" ಎಂದರು.

ಆಮೇಲೆ ನಾಲ್ಕೈದು ಸಲ ಕೆಡಿಸಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಟಾಟೆಯ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ. ಕಾದ ಎಣ್ಣೆ ಹೊರಮೈಯ ನೀರನ್ನು ಕ್ಷಣದಲ್ಲಿ ಓಡಿಸುತ್ತದೆ. ಓವನ್ನಿನ ಬಿಸಿಗಾಳಿಗೆ ಅಷ್ಟು ಕಸುವಿಲ್ಲ. ಅದರ ಅರ್ಧ ಕೆಲಸವನ್ನು ನಾವೇ ಮೊದಲು ಮಾಡಿಕೊಡಬೇಕು.

ಇಷ್ಟೆಲ್ಲ ಒದ್ದಾಟ ಯಾಕೆ? ಕರಿದ ಫ್ರೈಸಿನಲ್ಲಿ 100 ಗ್ರಾಂಗೆ ಸುಮಾರು 15 ಗ್ರಾಂ ಎಣ್ಣೆ ಇರುತ್ತದೆ. ಇಲ್ಲಿ ನಾಲ್ಕು ಜನರಿಗೆ ಸೇರಿ ಒಂದೂವರೆ ದೊಡ್ಡ ಚಮಚ ಸಾಕು. ತಲೆಗೆ 5 ಗ್ರಾಂ ಆಯಿತು. ಹಾಗಂತ ಇದನ್ನು ಡಯಟ್ ತಿಂಡಿ ಎನ್ನುವ ಧೈರ್ಯ ನನಗಿಲ್ಲ. ಬಟಾಟೆ ಬಟಾಟೆಯೇ.

ಮೊದಲು ಬಟಾಟೆ ಆರಿಸಿ

ಪೋರ್ಚುಗೀಸರು ಈ ಗಡ್ಡೆಯನ್ನು ಪಡುವಣ ಕರಾವಳಿಗೆ ತಂದರು. ಅವರ 'ಬಟಾಟ' ನಮ್ಮ ಬಾಯಲ್ಲಿ ಬಟಾಟೆಯಾಗಿ ಉಳಿದಿದೆ. ಘಟ್ಟದಾಚೆಯವರು ಆಲೂಗಡ್ಡೆ ಎನ್ನಲಿ, ಅಡ್ಡಿಯಿಲ್ಲ. ಉಗುರು ತಾಗಿದರೆ ಸಿಪ್ಪೆ ಏಳುವಂಥ ಹೊಸ ಬಟಾಟೆ ಬೇಡ, ಅದರಲ್ಲಿ ನೀರು ಜಾಸ್ತಿ. ಸಿಪ್ಪೆ ಗಟ್ಟಿಯಾದ, ಕೈಗೆ ಭಾರ ಎನಿಸುವ ಹಳೆಯದು ಒಳ್ಳೆಯದು. ಚಿಪ್ಸೋನಾ ತಳಿ ಸಿಕ್ಕರೆ ಬಿಡಬೇಡಿ. ಶಿಮ್ಲಾದ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಅದನ್ನು ಚಿಪ್ಸಿಗಾಗಿಯೇ ಬೆಳೆಸಿದ್ದು. ಅನುಮಾನವಿದ್ದರೆ ಒಂದು ಲೋಟ ಉಪ್ಪನ್ನು ಹನ್ನೊಂದು ಲೋಟ ನೀರಿನಲ್ಲಿ ಕರಗಿಸಿ ಬಟಾಟೆ ಬಿಡಿ. ಮುಳುಗಿದ್ದು ಫ್ರೈಸಿಗೆ, ತೇಲಿದ್ದು ಸಾಂಬಾರಿಗೆ. ಅಷ್ಟು ಉಪ್ಪು ದಂಡ ಮಾಡಲು ನನಗಂತೂ ಮನಸ್ಸಾಗುವುದಿಲ್ಲ. ಒಮ್ಮೆ ಮಾಡಿ ನೋಡಿದೆ, ಅಷ್ಟೇ.

ಫ್ರಿಜ್ಜಿನಲ್ಲಿಟ್ಟ ಬಟಾಟೆಯನ್ನು ಮಾತ್ರ ಮುಟ್ಟಬೇಡಿ. ಚಳಿಗೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಒಳಗೆ ಬೇಯುವ ಮೊದಲೇ ಹೊರಗೆ ಕಂದಾಗಿ, ಕಹಿಯಾಗುತ್ತದೆ.

ಹೆಚ್ಚುವುದು, ನೆನೆಸುವುದು, ಕುದಿಸುವುದು

ನಾಲ್ಕು ಜನರಿಗೆ 600 ಗ್ರಾಂ ಬಟಾಟೆ. ಸಿಪ್ಪೆ ತೆಗೆದು ಕಿರುಬೆರಳಿನ ದಪ್ಪಕ್ಕೆ, ಅಂದರೆ ಸುಮಾರು 1 ಸೆಂ.ಮೀ. ಗಾತ್ರಕ್ಕೆ ಉದ್ದುದ್ದ ಹೆಚ್ಚಿ. ಎಲ್ಲವೂ ಒಂದೇ ದಪ್ಪ ಇರಬೇಕು. ಇಲ್ಲದಿದ್ದರೆ ಸಣ್ಣವು ಸುಟ್ಟು ಕರಕಲಾಗುವಾಗ ದಪ್ಪನೆಯವು ಇನ್ನೂ ಹಸಿಯಾಗಿಯೇ ಇರುತ್ತವೆ. ಅರ್ಧ ಗಂಟೆ ತಣ್ಣೀರಿನಲ್ಲಿ ಮುಳುಗಿಸಿಡಿ, ನಡುವೆ ಎರಡು ಸಲ ನೀರು ಬದಲಿಸಿ. ಪಾತ್ರೆಯ ತಳದಲ್ಲಿ ಬಿಳಿ ಹಿಟ್ಟು ನಿಲ್ಲುತ್ತದೆ. ಹೋಳುಗಳು ಒಂದಕ್ಕೊಂದು ಅಂಟುವುದು ಆ ಪಿಷ್ಟದಿಂದಲೇ.

ಈಗ ಹೆಚ್ಚಿನವರು ಹಾರಿಸಿಬಿಡುವ ಹಂತ. ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಒಂದು ದೊಡ್ಡ ಚಮಚ ವಿನೆಗರ್ ಅಥವಾ ಲಿಂಬೆರಸ ಹಾಕಿ ಕುದಿಸಿ. ಹೋಳು ಹಾಕಿ, ಮತ್ತೆ ಕುದಿ ಬಂದ ಮೇಲೆ 5 ನಿಮಿಷ ಬಿಡಿ. ಚಾಕುವಿನ ತುದಿ ಸಲೀಸಾಗಿ ಇಳಿಯಬೇಕು, ಹೋಳು ಮುರಿಯಬಾರದು. ಬಟಾಟೆಯ ಕಣಗಳನ್ನು ಹಿಡಿದಿಡುವ ಪೆಕ್ಟಿನ್ ಹುಳಿನೀರಿನಲ್ಲಿ ಬೇಗ ಕರಗುವುದಿಲ್ಲ. ಅದಕ್ಕೇ ಹುಳಿ. ಮುರುಗಲು ಹಾಕಿದರೆ ಆಗದೇ ಎಂದು ಮಗಳು ಕೇಳಿದಳು. ಆಗುತ್ತದೆ, ಗುಲಾಬಿ ಬಣ್ಣದ ಫ್ರೈಸ್ ತಿನ್ನಲು ತಯಾರಿದ್ದರೆ.

ನೀರು ಬಸಿದು ಹೋಳುಗಳನ್ನು ಹತ್ತಿ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ, ಫ್ಯಾನ್ ಹಾಕಿ. ಬೇಸಿಗೆಯಲ್ಲಿ 10 ನಿಮಿಷ ಸಾಕು. ಮಳೆಗಾಲದಲ್ಲಿ ಅರ್ಧ ಗಂಟೆಯಾದರೂ ಬೇಕು. ಬೆರಳಿಗೆ ತೇವ ಹತ್ತದೆ, ಮೈ ಸ್ವಲ್ಪ ಬೂದು ಹಿಡಿದಂತೆ ಕಾಣಬೇಕು. ಇಲ್ಲಿಯವರೆಗಿನದು ಗ್ಯಾಸ್ ಕೆಲಸ. ಕರೆಂಟ್ ಹೋದರೂ ಚಿಂತೆಯಿಲ್ಲ, ಬರುವವರೆಗೆ ಹೋಳುಗಳು ಬಟ್ಟೆಯ ಮೇಲೆ ಆರುತ್ತಿರಲಿ.

ಒಣಗಿದ ಹೋಳಿಗೆ ಒಂದೂವರೆ ದೊಡ್ಡ ಚಮಚ ಎಣ್ಣೆ, ಒಂದು ದೊಡ್ಡ ಚಮಚ ಅಕ್ಕಿಹಿಟ್ಟು, ಅರ್ಧ ಚಮಚ ಕಾಳುಮೆಣಸಿನ ಪುಡಿ ಹಾಕಿ ಕೈಯಲ್ಲೇ ಮೆಲ್ಲಗೆ ಹೊರಳಿಸಿ. ಕಾರವಾರದ ಕಡೆ ಮೀನಿಗೆ ರವೆ ಹಚ್ಚುತ್ತಾರಲ್ವಾ, ಅದೇ ಉಪಾಯ. ತೆಂಗಿನೆಣ್ಣೆಯ ಮೇಲೆ ನನಗೂ ಪ್ರೀತಿಯೇ. ಆದರೆ ಗಾಣದ ತೆಂಗಿನೆಣ್ಣೆ 220 ಡಿಗ್ರಿಯಲ್ಲಿ ಹೊಗೆಯಾಡುತ್ತದೆ. ಇಲ್ಲಿಗೆ ರಿಫೈನ್ಡ್ ಶೇಂಗಾ ಎಣ್ಣೆ ಇರಲಿ. ಉಪ್ಪು ಈಗ ಹಾಕಬೇಡಿ, ಅದು ಒಳಗಿನ ನೀರನ್ನು ಹೊರಗೆಳೆಯುತ್ತದೆ.

ಓವನ್ನಿಗೆ

ಓಟಿಜಿಯನ್ನು, ಅಂದರೆ ಮೇಜಿನ ಮೇಲಿಡುವ ಕರೆಂಟ್ ಓವನ್ನನ್ನು, ಮಿಕ್ಸಿ ಹಾಕುವ ಸಣ್ಣ ಪ್ಲಗ್ಗಿಗೆ ಚುಚ್ಚದೆ 16 ಆಂಪಿಯರ್ ಸಾಕೆಟ್ಟಿಗೆ ಹಾಕಿ. ಮೇಲೆ ಕೆಳಗೆ ಎರಡೂ ಕಡೆ ರಾಡ್ ಉರಿಯಲಿ, 220 ಡಿಗ್ರಿ. ಖಾಲಿ ತಟ್ಟೆಯನ್ನೂ ಒಳಗಿಟ್ಟೇ 10 ನಿಮಿಷ ಕಾಯಿಸಿ. ಬಿಸಿ ತಟ್ಟೆಗೆ ಹೋಳು ಬಿದ್ದಾಗ ಚುರ್ ಎಂದು ಸದ್ದಾಗಬೇಕು. ಒಂದಕ್ಕೊಂದು ತಾಗದಂತೆ ಒಂದೇ ಪದರ ಹರಡಿ. ಹಿಡಿಸದಿದ್ದರೆ ಎರಡು ಸರ್ತಿ ಮಾಡಿ. ರಾಶಿ ಹಾಕಿದರೆ ಅದರ ಹಬೆಯಲ್ಲೇ ಅದು ಬೇಯುತ್ತದೆ, ಅತ್ತೆಯ ಪಲ್ಯ ಸಿದ್ಧ.

20 ನಿಮಿಷಕ್ಕೆ ತೆಗೆದು ಹೋಳುಗಳನ್ನು ಮಗುಚಿ. ಬಾಗಿಲು ತೆರೆದಾಗ ಹಬೆಯೂ ಹೊರಗೆ ಹೋಗುತ್ತದೆ. ತಟ್ಟೆಯ ಹಿಂದಿನ ಬದಿಯನ್ನು ಮುಂದಕ್ಕೆ ತಿರುಗಿಸಿ ಮತ್ತೆ 10ರಿಂದ 15 ನಿಮಿಷ ಇಡಿ. ಹೊಂಬಣ್ಣ ಬಂದ ಕೂಡಲೇ ತೆಗೆಯಿರಿ, ಕಂದಾಗುವವರೆಗೆ ಬೇಡ. ಪಿಷ್ಟದ ಪದಾರ್ಥ ಹೆಚ್ಚು ಕಾವಿನಲ್ಲಿ ಕಂದಾದಷ್ಟೂ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹೆಚ್ಚುತ್ತದೆ. ಸ್ವೀಡನ್ನಿನವರು 2002ರಲ್ಲಿ ಇದನ್ನು ಹೊರಗೆಡವಿದರು. ಉಪ್ಪು ಹಾಕುವುದು ಈಗ, ಬಿಸಿ ಬಿಸಿ ಇರುವಾಗಲೇ.

ಏರ್ ಫ್ರೈಯರ್ ಇದ್ದವರಿಗೆ 200 ಡಿಗ್ರಿ, ಸುಮಾರು 20 ನಿಮಿಷ, ನಡುವೆ ಎರಡು ಸಲ ಕುಲುಕಿ. ಬರೀ ಮೈಕ್ರೋವೇವ್ ಇದ್ದವರು ಸುಮ್ನೆ ಕೈ ಹಾಕಬೇಡಿ.

ನಂಚಿಕೊಳ್ಳಲು

ಕೆಚಪ್ ನನಗೆ ಸೇರುವುದಿಲ್ಲ. ಮಯೊನೇಸ್ ಎಂದರೆ ಬಹುಪಾಲು ಎಣ್ಣೆಯೇ, ಇಷ್ಟು ಹೊತ್ತು ಎಣ್ಣೆ ಉಳಿಸಿ ಅದರಲ್ಲಿ ಅದ್ದುವುದಾದರೆ ನೇರ ಬಾಣಲೆಗೇ ಹಾಕಬಹುದಿತ್ತು. ನಮ್ಮ ತಂಬುಳಿಯನ್ನೇ ಗಟ್ಟಿ ಮಾಡಿದರೆ ಹೇಗೆ ಎಂದು ಹೊಳೆದದ್ದು ಹಾಗೆ. ತಂಬುಳಿ ತೆಳ್ಳಗೆ, ಫ್ರೈಸಿಗೆ ಹಿಡಿಯುವುದಿಲ್ಲ. ಹಾಗಾಗಿ ಇಲ್ಲೂ ಮೊದಲು ನೀರು ಇಳಿಸಬೇಕು.

ಎರಡು ಲೋಟ ಹುಳಿಯಿಲ್ಲದ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ತೂಗು ಹಾಕಿ. ಸೆಖೆಯಿದ್ದರೆ ಜಾಲರಿಯಲ್ಲಿಟ್ಟು ಫ್ರಿಜ್ಜಿನೊಳಗೆ ಇಳಿಸಿ, ಹೊರಗೆ ಹುಳಿಯಾಗುತ್ತದೆ. ಇಳಿದ ನೀರು ಚಪಾತಿ ಹಿಟ್ಟಿಗಾಯಿತು. ಗಟ್ಟಿ ಮೊಸರಿಗೆ ಅಪ್ಪೆಮಿಡಿ ಉಪ್ಪಿನಕಾಯಿಯ ರಸ ಎರಡು ಚಮಚ ಹಾಕಿ ಕಲಸಿ. ಒಂದು ಮಿಡಿಯನ್ನು ಸಣ್ಣಗೆ ಕೊಚ್ಚಿಯೂ ಹಾಕಿ. ಜಿಐ ಮಾನ್ಯತೆ, ಅಂದರೆ ಭೌಗೋಳಿಕ ಗುರುತು ಪಡೆದ ಈ ಮಾವಿನ ಮಿಡಿಗೆ ಬೆಲೆ ಬರುವುದು ಅದರ ಪರಿಮಳಕ್ಕೆ, ಮೊಸರಿನಲ್ಲಿ ಅದು ಚೆನ್ನಾಗಿ ಬಿಟ್ಟುಕೊಳ್ಳುತ್ತದೆ. ಬೇರೆ ಉಪ್ಪು ಬೇಡ. ಬೇಸಿಗೆಯಲ್ಲಾದರೆ ಕುಮಟೆಯ ಹೆದ್ದಾರಿ ಬದಿಯಲ್ಲಿ ಜಡೆ ಕಟ್ಟಿ ನೇತುಹಾಕುವ ಸಿಹಿ ಈರುಳ್ಳಿ ಒಂದನ್ನು ಸಣ್ಣಗೆ ಹೆಚ್ಚಿ ಸೇರಿಸಿ. ಮಳೆಗಾಲಕ್ಕೆ ಜೀರಿಗೆ, ಜಜ್ಜಿದ ಸೂಜಿಮೆಣಸು ಸಾಕು. ಒಗ್ಗರಣೆಗೆ ಅರ್ಧ ಚಮಚ ತೆಂಗಿನೆಣ್ಣೆ. ಓವನ್ನಿಗೆ ಒಗ್ಗದ ಎಣ್ಣೆಗೆ ಇಲ್ಲಿ ಜಾಗ ಸಿಕ್ಕಿತು.

ದೀವಿ ಹಲಸು ಸಿಗುವ ಕಾಲದಲ್ಲಿ ಬಟಾಟೆಯ ಬದಲು ಅದನ್ನೇ ಹಾಕಿ. ಕೊಂಕಣಿ ಮನೆಗಳಲ್ಲಿ ಅದರ ಪೋಡಿ, ಅಂದರೆ ಕರಿದ ಬಿಲ್ಲೆ, ತಿಂದವರಿಗೆ ರುಚಿ ಹೇಳಿಕೊಡಬೇಕಿಲ್ಲ. ಚಾಕುವಿಗೆ ಎಣ್ಣೆ ಸವರಿಕೊಂಡರೆ ಮೇಣ ಹಿಡಿಯುವುದಿಲ್ಲ. ನಡುವಿನ ದಿಂಡು ತೆಗೆದು ಅದೇ ಅಳತೆಗೆ ಹೆಚ್ಚಿ, ಉಳಿದದ್ದೆಲ್ಲ ಹಾಗೆಯೇ.

ಫ್ರೈಸ್ ಉಳಿದರೆ ಡಬ್ಬಿಗೆ ಹಾಕಿ ಮುಚ್ಚಬೇಡಿ. ಮರುದಿನ ದೋಸೆ ಕಾವಲಿಯ ಮೇಲೆ ಎಣ್ಣೆಯಿಲ್ಲದೆ ಹರಡಿ ಐದು ನಿಮಿಷ ಬಿಸಿ ಮಾಡಿದರೆ ಮುಕ್ಕಾಲು ಪಾಲು ಗರಿ ಮರಳುತ್ತದೆ. ನಮ್ಮ ಮನೆಯಲ್ಲಿ ಈಚೆಗೆ ಉಳಿದದ್ದೇ ಇಲ್ಲ. ಅತ್ತೆ ಮೊದಲ ತಟ್ಟೆಯನ್ನು ಅಡುಗೆಮನೆಯಲ್ಲೇ ನಿಂತು ಮುಗಿಸುತ್ತಾರೆ.