ರಕ್ತದ ಕಲೆಗೆ ಬಿಸಿನೀರು ಹಾಕ್ಬ್ಯಾಡ್ರಿ ಅಂತ ಎಷ್ಟು ಸಲ ಹೇಳೋದು

ಹೋದ ತಿಂಗಳು ಒಂದಿನ ಬೆಳಗ್ಗೆ ಸಂಡಿಗೆ ಒಣಗಿಸೋಕೆ ಅಂತ ಟೆರೇಸ್ ಮ್ಯಾಲೆ ಹೋದೆ ನೋಡ್ರಿ, ಮೇಲಿನ ಮನೆಯವರ ತಂತಿ ಮ್ಯಾಲೆ ಒಂದು ಬಿಳಿ ಕೋಟು ನೇತಾಡ್ತಿತ್ತು, ಎದೆ ಹತ್ರ ಅಂಗೈಯಗಲ ಕಂದು ಕಲೆ, ಹಳೇ ಚಾ ಚೆಲ್ಲಿದಂಗೆ. ಕೆಳಗೆ ಆ ಹುಡುಗ ಎರಡನೇ ಕೋಟು ಬಕೆಟ್ಟಿಗೆ ಹಾಕಿ ಗೀಸರಿಂದ ಹೊಗೆಯಾಡೋ ನೀರು ಸುರೀತಿದ್ದ. ಏನ್ ಮಾಡ್ತಿದೀಯೋ ತಮ್ಮಾ ಅಂದೆ. ರಕ್ತ ಆಗೈತೆ ಅಜ್ಜಿ, ಕ್ರಿಮಿ ಸಾಯ್ಲಿ ಅಂತ ಬಿಸಿನೀರಲ್ಲಿ ನೆನೆಹಾಕ್ತಿದೀನಿ ಅಂದ. ನನಗೆ ಕೈಯಲ್ಲಿದ್ದ ಸಂಡಿಗೆ ತಟ್ಟೆ ಅವನ ತಲೆ ಮ್ಯಾಲೆ ಬೋರಲಾಕೋಣ ಅನ್ನಿಸ್ತು.

ಇವರು ದಾವಣಗೆರೆ ವಿನೋಬನಗರದಾಗೆ ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದು ಎರಡು ವರ್ಷ ಆಯ್ತು. ಹುಡುಗಿ ಜಿಎನ್ಎಂ ಓದ್ತಾಳೆ, ಅದು 3 ವರ್ಷದ ನರ್ಸಿಂಗ್ ಕೋರ್ಸು, ಮದುವೆ ಆದ್ಮ್ಯಾಲೆ ಸೇರಿಕೊಂಡಿದ್ದು. ಹುಡುಗ ಎಪಿಎಂಸಿಯಾಗೆ ಒಂದು ದಲಾಲಿ ಮಂಡೀಲಿ ಲೆಕ್ಕ ಬರೀತಾನೆ, ಮೆಕ್ಕೆಜೋಳದ ಸೀಸನ್ ಬಂದ್ರೆ ರಾತ್ರಿ ಒಂಬತ್ತಾಗುತ್ತೆ ಮನೆಗೆ ಬರೋದು, ತಲೆ ತುಂಬ ಧೂಳು. ಇವಳಿಗೆ ಬೆಳಗ್ಗೆ ವಾರ್ಡ್ ಪೋಸ್ಟಿಂಗು, ಮಧ್ಯಾಹ್ನ ಕ್ಲಾಸು, ನೈಟ್ ಡ್ಯೂಟಿ ಬಿತ್ತು ಅಂದ್ರೆ ಇವನು ಎದ್ದು ಹೊರಡೋ ಹೊತ್ತಿಗೆ ಅವಳು ಬಂದು ಮಲಗ್ತಾಳೆ. ಒಂದೇ ಮನೇಲಿದ್ದು ಗಂಡ ಹೆಂಡ್ತಿ ಮೆಟ್ಟಿಲ ಮ್ಯಾಲೆ ಭೇಟಿಯಾಗೋದು ನಾನೇ ನೋಡಿದೀನಿ, ಇವನು ಟಿಫನ್ ಡಬ್ಬಿ ಅವಳ ಕೈಗೆ ಕೊಟ್ಟು ಗಾಡಿ ಸ್ಟಾರ್ಟ್ ಮಾಡಿದ್ರೆ ಮುಗೀತು ಅವತ್ತಿನ ಸಂಸಾರ. ಭಾನುವಾರ ಮಾತ್ರ ಅವನು ಬಟ್ಟೆ ಹಿಂಡ್ತಾ ಕೂತಿರ್ತಾನೆ, ಪುಸ್ತಕ ಪಕ್ಕದ ಸ್ಟೂಲ್ ಮ್ಯಾಲೆ, ಮೂಳೆ ಹೆಸರು ಕೇಳ್ತಾನೆ, ಅವಳು ಸೊಪ್ಪು ಸೋಸ್ತಾ ಹೇಳ್ತಾಳೆ. ಮನುಷ್ಯಗೆ 206 ಮೂಳೆ ಅಂತೆ, ಅವನಿಗೆ ಆ ಇಂಗ್ಲಿಷ್ ಹೆಸರು ಓದೋಕೇ ನಾಲಿಗೆ ಹೊರಳಲ್ಲ, ಅವಳು ನಗ್ತಾಳೆ. ನೋಡೋಕೆ ಚೆಂದ. ಆದ್ರೆ ಬಟ್ಟೆ ಒಗೆಯೋಕೆ ಮಾತ್ರ ಇಬ್ಬರಿಗೂ ಬರಲ್ಲ, ಅದಕ್ಕೇ ಬರೀತಿದೀನಿ, ಇವರೊಬ್ಬರೇ ಅಲ್ಲ, ನಮ್ಮ ಬೀದಿ ಹುಡುಗರೆಲ್ಲ ಹಿಂಗೇ.

ರಕ್ತಕ್ಕೆ ತಣ್ಣೀರು. ಮೊದಲು ತಣ್ಣೀರು, ಆಮ್ಯಾಲೂ ತಣ್ಣೀರು, ಕಲೆ ಪೂರ್ತಿ ಹೋದ್ಮ್ಯಾಲೆ ನಿಮ್ಮ ಕ್ರಿಮಿ ಸಾಯಿಸೋ ಬಿಸಿನೀರು. ಉಲ್ಟಾ ಮಾಡಿದ್ರೆ ರಕ್ತ ನೂಲಿನೊಳಗೇ ಬೆಂದು ಕೂತ್ಕೊಳುತ್ತೆ. ಯಾಕೆ ಅಂತ ಆ ಹುಡುಗೀನೇ ಆಮ್ಯಾಲೆ ಹೇಳಿದ್ಲು, ರಕ್ತದಾಗೂ ಪ್ರೋಟೀನು ಅಜ್ಜಿ, ಬಿಸಿಗೆ ಮೊಟ್ಟೆ ಬಿಳಿ ಗಟ್ಟಿಯಾಗಲ್ವಾ ಹಂಗೆ ಅಂತ. ನಮ್ಮನೇಲಿ ಮೊಟ್ಟೆ ಬರಲ್ಲ, ಆದ್ರೂ ತಿಳೀತು. ಅಲ್ಲವ್ವಾ, ಇಷ್ಟೆಲ್ಲ ಓದಿದೀಯ, ಗಂಡಗೆ ಒಂದು ಮಾತು ಹೇಳ್ಬಾರದಾ ಅಂದ್ರೆ, ಅವನು ಒಗೀತಾನೆ ಅನ್ನೋ ಖುಷೀಲಿ ಬಾಯಿ ಮುಚ್ಕೊಂಡಿದ್ದೆ ಅಂತಾಳೆ! ಸರಿ ಬಿಡು, ಅದೂ ಒಂದು ಜಾಣತನಾನೇ.

ಕಲೆ ಹಸಿ ಇದ್ದಾಗಲೇ ಒಳಗಡೆಯಿಂದ ನಲ್ಲಿಗೆ ಹಿಡೀಬೇಕು, ಬಂದ ದಾರಿ ಹಿಡಿದು ಹೊರಗೆ ಹೋಗ್ಲಿ ಅಂತ. ಆಮ್ಯಾಲೆ ಒಂದು ಹಿಡಿ ಕಲ್ಲುಪ್ಪು ಹಾಕಿದ ತಣ್ಣೀರಲ್ಲಿ ಬಿಟ್ಟುಬಿಡ್ರಿ, ಬ್ರಷ್ ತಗೊಂಡು ಗರಗರ ಉಜ್ಜಬ್ಯಾಡ್ರಿ. ನೀರು ಕೆಂಪಾದ್ರೆ ಬದಲಾಯಿಸ್ರಿ. ಉಳಿದಿದ್ದಕ್ಕೆ ಮೆಡಿಕಲ್ ಶಾಪಲ್ಲಿ ಸಿಗೋ ಹೈಡ್ರೋಜನ್ ಪೆರಾಕ್ಸೈಡ್ ನಾಲ್ಕು ಹನಿ, ಬುರುಬುರು ನೊರೆ ಬರುತ್ತೆ, ನೊರೆ ನಿಂತ ಮ್ಯಾಲೆ ತೊಳೀರಿ, ಅದು ಬಿಳಿ ಬಟ್ಟೆಗೆ ಮಾತ್ರ, ಬಣ್ಣದ್ದಕ್ಕೆ ಹಾಕಿ ಆಮ್ಯಾಲೆ ನನ್ನ ಬೈಬ್ಯಾಡ್ರಿ. ಆಸ್ಪತ್ರೆ ಬಟ್ಟೆ ಬೇರೆ ಬಕೆಟ್ಟು, ಕೈಗೆ ಗ್ಲೌಸು. ಇದು ನನಗೆ ಗೊತ್ತಿರಲಿಲ್ಲ, ಬರಿಗೈಲಿ ಮುಟ್ಟಿದ್ದಕ್ಕೆ ಆ ಹುಡುಗಿ ನನಗೇ ಗದರಿದ್ಲು, ಯಾರ ರಕ್ತಾನೋ ಏನೋ ಅಜ್ಜಿ ಅಂತ. ಗದರಿಸಿಕೊಂಡೆ. ಬೆಂದ ಆ ಮೊದಲನೇ ಕೋಟು ಮಾತ್ರ ಮೂರು ದಿನ ಒದ್ದಾಡಿದ್ರೂ ಪೂರ್ತಿ ಬಿಳಿ ಆಗ್ಲಿಲ್ಲ.

ಅರಿಶಿನದ್ದು ಇದಕ್ಕೆ ಪೂರಾ ಬೇರೆ. ಟಿಫನ್ ಡಬ್ಬಿ ಸೋರಿ ಸಾರು ಚೆಲ್ಲಿತು ಅಂದ ತಕ್ಷಣ ಸೋಪು ತಿಕ್ತಾರೆ, ಅದು ಕುಂಕುಮದಂಗೆ ಕೆಂಪಾಗುತ್ತೆ, ಹೆದರಿ ಇನ್ನೊಂದಿಷ್ಟು ತಿಕ್ತಾರೆ. ಒಗೆದು ಬಿಸಿಲಿಗೆ ಹಾಕಿ ಸುಮ್ಮನಿರ್ರಿ, ಬಿಸಿಲೇ ತಿನ್ನುತ್ತೆ ಅದನ್ನ. ನಮ್ಮೂರ ಬಿಸಿಲಿಗೆ ಅಷ್ಟಾದ್ರೂ ಕೆಲಸ ಬೇಡವಾ.

ಈಗ ಗಂಜಿ ವಿಷಯಕ್ಕೆ ಬರ್ತೀನಿ, ಇದನ್ನ ಹೇಳದೆ ನನಗೆ ನಿದ್ದೆ ಬರಲ್ಲ. ನಾನು ಚಳ್ಳಕೆರೆ ಕಡೆ ಹುಡುಗಿ. ಮದುವೆಯಾಗಿ ಈ ಊರಿಗೆ ಬಂದಾಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೇನೇ, ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಆಗ ಹತ್ತಿ ಮಿಲ್ಲುಗಳು ನಡೀತಿದ್ವು, ಸೈರನ್ ಕೇಳಿ ನಾವು ಒಲೆ ಹಚ್ತಿದ್ವಿ, ಗಡಿಯಾರ ಯಾರು ನೋಡ್ತಿದ್ರು. ನಮ್ಮ ಮಾವನೋರು ಮಂಡಿಗೆ ಹೋಗ್ತಿದ್ದೋರು, ಬಿಳಿ ಪಂಚೆ, ಬಿಳಿ ಅಂಗಿ, ಬಿಳಿ ಟೋಪಿ, ಒಂದು ಸುಕ್ಕು ಇರಂಗಿಲ್ಲ. ನಮ್ಮತ್ತೆ ನಾನು ಗಂಜಿ ಹಾಕಿದ ಟೋಪಿ ತಗೊಂಡು ಕಟ್ಟೆ ಮ್ಯಾಲೆ ಇಡ್ತಿದ್ರು. ಅದು ತಾನಾಗೇ ನಿಂತ್ರೆ ಒಳಗೆ ಹೋಗ್ತಿದ್ರು. ಬಿದ್ರೆ ಏನೂ ಅಂತಿರಲಿಲ್ಲ, ಮತ್ತೆ ಬಕೆಟ್ಟಿಗೆ ಹಾಕ್ತಿದ್ರು ಅಷ್ಟೇ. ಆ ಸುಮ್ಮನಿರೋದೇ ಬೈಗುಳಕ್ಕಿಂತ ಜಾಸ್ತಿ ಉರೀತಿತ್ತು ನನಗೆ.

ಆಗ ಅನ್ನ ಬಸೀತಿದ್ವಿ, ಗಂಜಿ ದಿನಾ ಸಿಗ್ತಿತ್ತು. ಈಗ ಎಲ್ಲ ಕುಕ್ಕರ್, ಮೂರು ವಿಷಲ್, ಗಂಜಿ ಎಲ್ಲಿಂದ ಬರ್ಬೇಕು. ಅಂಗಡಿ ಪುಡಿ ತರ್ತಾರೆ, ಇಲ್ಲ ಮೈದಾ ಕಲಸ್ತಾರೆ, ಮೈದಾ ಹಾಕಿದ್ರೆ ಬಟ್ಟೆ ಮ್ಯಾಲೆ ಬೂದಿ ಬಳಿದಂಗೆ ಕಾಣುತ್ತೆ. ಬಿಳೀದಕ್ಕೆ ಸಬ್ಬಕ್ಕಿ ಗಂಜೀನೇ ಆಗ್ಬೇಕು, ಕಣ್ಣಿಗೆ ಕಾಣಲ್ಲ, ಕೈಗೆ ಗೊತ್ತಾಗುತ್ತೆ. ಎರಡು ಕೋಟಿಗೆ ಒಂದು ಸಣ್ಣ ಹಿಡಿ ಸಬ್ಬಕ್ಕಿ ಸಾಕು, ರಾತ್ರಿ ನೆನೆಹಾಕ್ರಿ. ಬೆಳಗ್ಗೆ ಜಾಸ್ತಿ ನೀರಿಟ್ಟು ಸಣ್ಣ ಉರೀಲಿ ಕುದಿಸ್ರಿ, ತಿರುವೋದು ನಿಲ್ಲಿಸಬ್ಯಾಡ್ರಿ, ಫೋನ್ ಬಂದ್ರೂ ಅಷ್ಟೇ. ಕಾಳು ಗಾಜಿನಂಗಾಗಿ ಆಮ್ಯಾಲೆ ಕಾಣದಂಗೆ ಕರಗ್ಬೇಕು. ಬಿಸಿ ಇದ್ದಾಗಲೇ ಚಿಟಿಕೆ ಉಪ್ಪು, ಇಸ್ತ್ರಿ ಪೆಟ್ಟಿಗೆಗೆ ಅಂಟಲ್ಲ ಅಂತ. ಆಮ್ಯಾಲೆ ಕೊಬ್ಬರಿ ಎಣ್ಣೆ ಒಂದು ತೊಟ್ಟು, ಒಂದೇ, ಚಮಚ ಅಲ್ಲ. ಹಳೇ ತೆಳು ಪಂಚೆ ತುಂಡಲ್ಲಿ ಸೋಸ್ರಿ. ಇನ್ನೊಂದು ಸಲ ಸೋಸ್ರಿ. ಗೊತ್ತು, ಒಂದೇ ಸಲ ಸೋಸಿ ಸಾಕು ಅಂತೀರಿ, ಆಮ್ಯಾಲೆ ಕಾಲರ್ ಮ್ಯಾಲೆ ಗಂಟು ಗಂಟು ಮೆತ್ಕೊಂಡು ಇಸ್ತ್ರಿ ಹಾಕುವಾಗ ಹಳದಿ ಚುಕ್ಕಿ ಬೀಳುತ್ತೆ, ಆವಾಗ ನೆನಪಾಗ್ತೀನಿ ನಾನು.

ಅರ್ಧ ಬಕೆಟ್ ನೀರಿಗೆ ಇದನ್ನ ಬೆರೆಸಿ ಎರಡು ಬೆರಳು ಅದ್ದಿ ಉಜ್ಜಿ ನೋಡ್ರಿ, ನೀರು ಮಜ್ಜಿಗೆ ಹಂಗೆ ಜಾರ್ಬೇಕು, ಬೆರಳು ಬಿಡಿಸಿದ್ರೆ ನೂಲು ಎಳೀಬಾರದು. ನೀಲಿ ಹಾಕೋದು ಈವಾಗ. ಮಗ್ಗಿನ ನೀರಲ್ಲಿ ಮೂರ್ನಾಲ್ಕು ಹನಿ ಕಲಸಿ ಆಮ್ಯಾಲೆ ಬಕೆಟ್ಟಿಗೆ. ಬಟ್ಟೆ ಮ್ಯಾಲೇ ಹನಿ ಬಿಟ್ರಿ ಅಂದ್ರೆ ಚಿರತೆ ಚರ್ಮ ಆಗುತ್ತೆ. ಬಕೆಟ್ ಮೇಲಿಂದ ನೋಡಿದ್ರೆ ನೀಲಿ ಕಾಣ್ಬೇಕು, ಅಂಗೈಲಿ ತಗೊಂಡ್ರೆ ಕಾಣ್ಬಾರದು, ಅದೇ ಹದ. ಕೋಟು ಒಣಗಿದ್ದರೆ ಸೀದಾ ಅದ್ದಬ್ಯಾಡ್ರಿ, ಸಾದಾ ನೀರಲ್ಲಿ ಅದ್ದಿ ಹಿಂಡಿ, ಒಳಗೆ ಹೊರಗೆ ಮಾಡಿ, ಆಮ್ಯಾಲೆ ಗಂಜಿಗೆ, ಇಲ್ಲಾಂದ್ರೆ ಒಂದ್ಕಡೆ ರಟ್ಟು ಒಂದ್ಕಡೆ ಮೆತ್ತಗೆ. ಮೂರು ಸಲ ಮುಳುಗಿಸಿ ಎತ್ರಿ, ಹಗುರಕ್ಕೆ ಹಿಂಡ್ರಿ, ಎರಡು ಕೈಲಿ ಹಿಡಿದು ಜೋರಾಗಿ ಕೊಡವ್ರಿ, ಪಟ್ ಅಂತ ಸದ್ದು ಬರ್ಬೇಕು. ಬಟನ್ ಪಟ್ಟಿ, ಕಾಲರ್ ತುದಿ ಕೈಲೇ ಎಳೆದು ನೆಟ್ಟಗೆ ಮಾಡ್ರಿ.

ನೇತುಹಾಕೋದು ತಲೆಕೆಳಗಾಗಿ! ಕ್ಲಿಪ್ಪು ಕೋಟಿನ ಕೆಳ ಅಂಚಿಗೆ, ಕಾಲರ್ ನೆಲದ ಕಡೆ. ಗಂಜಿ ನೀರು ಇಳಿದು ಇಳಿದು ಕಾಲರಿಗೆ ಬಂದು ನಿಲ್ಲುತ್ತೆ, ಗಟ್ಟಿ ಬೇಕಾಗಿರೋದು ಅಲ್ಲೇ ತಾನೇ, ಸೊಂಟದ ಹತ್ರ ಗಟ್ಟಿಯಾದ್ರೆ ಆ ಹುಡುಗಿ ಪೇಷಂಟ್ ಹತ್ರ ಬಗ್ಗೋದು ಹೆಂಗೆ. ಇದನ್ನ ನಮ್ಮತ್ತೆ ಹೇಳಿಕೊಟ್ಟಿದ್ದಲ್ಲ, ನಾನೇ ಕಂಡುಕೊಂಡಿದ್ದು, ನಮ್ಮತ್ತೆ ಒಂದು ವಾರ ನೋಡಿ ಆಮ್ಯಾಲೆ ತಾವೂ ಹಂಗೇ ಹಾಕೋಕೆ ಶುರು ಮಾಡಿದ್ರು, ಬಾಯಿಬಿಟ್ಟು ಮಾತ್ರ ಏನೂ ಹೇಳ್ಲಿಲ್ಲ. ಪೂರ್ತಿ ಒಣಗೋಕೆ ಬಿಡಬ್ಯಾಡ್ರಿ, ಇನ್ನೂ ಸ್ವಲ್ಪ ಪಸೆ ಇರುವಾಗ ತೆಗೆದು ಟವಲ್ಲಲ್ಲಿ ಸುತ್ತಿಟ್ಟು ಇಸ್ತ್ರಿ. ಕಾಲರ್ ತುದಿಯಿಂದ ನಡುವಿಗೆ, ನಡುವಿಂದ ತುದಿಗೆ ತಳ್ಳಿದ್ರೆ ಸುಕ್ಕೆಲ್ಲ ಮೂಲೇಲಿ ಗುಡ್ಡೆ ಬೀಳುತ್ತೆ. ನಮಗೆ ಇದ್ದಿಲು ಪೆಟ್ಟಿಗೆ ಇತ್ತು, ತೆಂಗಿನ ಚಿಪ್ಪು ಸುಟ್ಟು ತುಂಬ್ತಿದ್ವಿ, ಒಂದು ಕಿಡಿ ಹಾರಿದ್ರೆ ಪಂಚೆ ತೂತು, ಈಗಿನೋರಿಗೆ ಬಟನ್ ಒತ್ತೋಕೂ ಬೇಜಾರು.

ಇಷ್ಟು ಜಂಬ ಕೊಚ್ಚಿಕೊಂಡ ಮ್ಯಾಲೆ ನನ್ನದೊಂದು ಪಜೀತಿನೂ ಹೇಳ್ಬೇಕು. ನಾನೇ ಗಂಜಿ ಹಾಕಿ ಗರಿಗರಿ ಮಾಡಿಕೊಟ್ಟ ಕೋಟು ಹಾಕ್ಕೊಂಡು ಹೋದ ಹುಡುಗಿ ಸಾಯಂಕಾಲ ಬಂದ್ರೆ ತೋಳಿನ ಮ್ಯಾಲೆ ಕಪ್ಪು ನೀಲಿ ಬಣ್ಣದ ದೊಡ್ಡ ಮಚ್ಚೆ. ಇಂಕ್ ಬಾಟ್ಲಿ ಒಡೀತಾ ಅಂದೆ. ಡ್ರೆಸ್ಸಿಂಗ್ ಮಾಡುವಾಗ ಬೆಟಾಡಿನ್ ಚೆಲ್ಲಿತು ಅಂದ್ಲು. ಬೆಟಾಡಿನ್ ಕಂದು ಬಣ್ಣ ಅಲ್ವಾ, ನೀಲಿ ಹೆಂಗಾಯ್ತು? ನಾನು ಇವಳೇ ಏನೋ ಸುಳ್ಳು ಹೇಳ್ತಿದಾಳೆ ಅಂದ್ಕೊಂಡೆ. ಅವಳು ಹೊಟ್ಟೆ ಹಿಡ್ಕೊಂಡು ನಕ್ಕಳು, ಅಜ್ಜಿ ಅದರಾಗೆ ಅಯೋಡಿನ್ ಐತೆ, ನಿಮ್ಮ ಗಂಜಿ ಅಂದ್ರೆ ಪಿಷ್ಟ, ಎರಡೂ ಸೇರಿದ್ರೆ ನೀಲಿ ಆಗುತ್ತೆ, ಹೈಸ್ಕೂಲಲ್ಲಿ ಆಲೂಗಡ್ಡೆ ಮ್ಯಾಲೆ ಹನಿ ಹಾಕಿ ತೋರಿಸ್ತಾರೆ ಅಂತ. ಆಮ್ಯಾಲೆ ಒಂದು ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ನೀರಲ್ಲಿ ಕರಗಿಸಿ ಆ ಮಚ್ಚೆ ಮ್ಯಾಲೆ ಹಾಕಿದ್ಲು ನೋಡ್ರಿ, ನನ್ನ ಕಣ್ಣೆದುರಿಗೇ ಮಾಯ! ಇಷ್ಟು ವರ್ಷ ಬಟ್ಟೆ ಒಗೆದೋಳು ನಾನು, ಬಾಯಿ ಬಿಟ್ಕೊಂಡು ನೋಡ್ತಾ ನಿಂತೆ. ಗುಳಿಗೆ ಬಿಳೀದೇ ತಗೊಳ್ರಿ ಮತ್ತೆ, ಕಿತ್ತಳೆ ಬಣ್ಣದ್ದು ಹಾಕಿದ್ರೆ ಒಂದು ಕಲೆ ತೆಗೆದು ಇನ್ನೊಂದು ಕಲೆ ಹಚ್ಚಿದಂಗೆ. ಡ್ರೆಸ್ಸಿಂಗ್ ರೂಮಲ್ಲಿ ಪೋಸ್ಟಿಂಗ್ ಇರೋ ವಾರ ಈಗ ನಾವು ಕೋಟಿಗೆ ಗಂಜಿ ಹಾಕಲ್ಲ. ಮಳೆಗಾಲದಾಗೂ ಹಾಕಿ ಬೀರುವಲ್ಲಿ ತುಂಬಿಡಬ್ಯಾಡ್ರಿ, ಬೂಸಲು ಹಿಡಿಯುತ್ತೆ, ಜಿರಲೆಗೆ ಊಟ ಹಾಕಿದಂಗೆ.

ನೀರಿನ ಬಗ್ಗೆ ಒಂದು ಮಾತು. ಬೋರ್ ನೀರು ಗಡಸು, ಸೋಪು ನೊರೆ ಬರಲ್ಲ, ಮೊಸರು ಒಡೆದಂಗೆ ತೇಲುತ್ತೆ, ಆ ಜಿಡ್ಡೇ ಬಿಳಿ ಬಟ್ಟೆ ಬೂದು ಮಾಡೋದು. ಒಗೆಯೋದು ಬೋರಲ್ಲಾದ್ರೂ ಕೊನೇ ಜಾಲಾಡೋದು ನಲ್ಲಿ ನೀರಲ್ಲೇ ಮಾಡ್ರಿ, ನಲ್ಲಿ ಬಿಡೋ ದಿನ ಎರಡು ಬಿಂದಿಗೆ ಎತ್ತಿಟ್ಕೊಳ್ಳೋಕೆ ಏನು ರೋಗ. ಮಳೆ ನೀರು ಸಿಕ್ರೆ ಇನ್ನೂ ಬೇಷು.

ನೀರು ಅಂದಾಗ ನೆನಪಾಯ್ತು, ಈ ಹುಡುಗ ಒಂದಿನ ಬಚ್ಚಲು ತೊಳೆಯೋಕೆ ಅಂತ ಬ್ಲೀಚಿಂಗ್ ಪೌಡರ್ ಹಾಕಿ, ಕರೆ ಹೋಗ್ಲಿಲ್ಲ ಅಂತ ಅದರ ಮ್ಯಾಲೇ ಆಸಿಡ್ ಸುರಿದಿದಾನೆ, ಬಾಗಿಲು ಬೇರೆ ಹಾಕ್ಕೊಂಡು. ಕೆಮ್ಮುತಾ ಕಣ್ಣೀರು ಹಾಕ್ತಾ ಓಡಿ ಬಂದ ಕೆಳಗೆ. ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಏಳುತ್ತೆ, ಶ್ವಾಸಕೋಶಕ್ಕೆ ಹೊಡೆಯುತ್ತೆ ಅಂತ ಹೆಂಡ್ತಿ ಕೈಲಿ ಅವತ್ತು ಚೆನ್ನಾಗಿ ಬೈಸಿಕೊಂಡ. ಯಾವುದಾದ್ರೂ ಒಂದು ಹಾಕ್ರಿ, ಕಿಟಕಿ ತೆಗೀರಿ. ಟೈಲ್ಸ್ ಮ್ಯಾಲಿನ ಬಿಳಿ ಉಪ್ಪಿನ ಕರೆಗೆ ಆಸಿಡ್ಡೂ ಬ್ಯಾಡ, ಹಿಂಡಿದ ನಿಂಬೆಹಣ್ಣಿನ ಸಿಪ್ಪೇಲಿ ತಿಕ್ಕಿದ್ರೆ ಆಯ್ತು.

ಇನ್ನೊಂದು, ನೆನೆಹಾಕೋ ಮುಂಚೆ ಕೋಟಿನ ಜೇಬು ನೋಡ್ರಿ. ಪೆನ್ನು, ಹತ್ತಿ ಉಂಡೆ, ಬಸ್ ಟಿಕೆಟ್, ಒಂದ್ಸಲ ಮಂಡಕ್ಕಿ ಕೂಡ ಸಿಕ್ಕಿತ್ತು, ನೈಟ್ ಡ್ಯೂಟೀಲಿ ನಿದ್ದೆ ಬರಬಾರದು ಅಂತ ಗಂಡ ಕಟ್ಟಿಕೊಟ್ಟ ಖಾರ ಮಂಡಕ್ಕಿ ಅಂತೆ, ನೀರಲ್ಲಿ ಊದಿ ಮಲ್ಲಿಗೆ ಮೊಗ್ಗಿನಂಗೆ ತೇಲ್ತಿತ್ತು. ಬಾಲ್ ಪೆನ್ ಇಂಕಿಗೆ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿದ್ರೆ ಬಿಡುತ್ತೆ, ಕೆಳಗೊಂದು ಹಳೇ ಬಟ್ಟೆ ಇಟ್ಕೊಂಡು ಒತ್ರಿ.

ಮೇಲೆ ನಲ್ಲಿ ಸದ್ದು ಬರ್ತಾ ಐತೆ, ಬಕೆಟ್ ಇಟ್ಟಂಗಾಯ್ತು. ಗೀಸರ್ ಸ್ವಿಚ್ ಹಾಕಿದ್ನೋ ಏನೋ, ನೋಡಿ ಬರ್ತೀನಿ ತಡೀರಿ.